ಡಿಪ್ ಅಂದರೆ ಬಗ್ಗಿಸುವುದು: ರಾತ್ರಿ ಹೆಡ್‌ಲೈಟ್ ಬಳಸುವುದು ಹೀಗೆ

ಲಾರಿಗಳ ಹಿಂದೆ ‘ಯೂಸ್ ಡಿಪ್ಪರ್ ಅಟ್ ನೈಟ್’ ಅಂತ ಬರೆದಿರುವುದನ್ನು ಎಲ್ಲರೂ ಓದಿರುತ್ತೇವೆ. ಆದರೆ ‘ಡಿಪ್’ ಅಂದರೇನು ಅಂತ ಕೇಳಿ ನೋಡಿ. ‘ಲೈಟನ್ನು ಎರಡು ಸಲ ಮಿನುಗಿಸೋದು ಅಲ್ವಾ’ ಅನ್ನುತ್ತಾರೆ ಬಹಳ ಜನ. ಕಾರು ಕಲಿತ ಹೊಸದರಲ್ಲಿ ನಾನೂ ಹಾಗೇ ತಿಳಿದಿದ್ದೆ.

ಒಂದು ರಾತ್ರಿ ಮಂಡ್ಯ ಕಡೆ ಹೋಗುತ್ತಿದ್ದೆವು. ಕಬ್ಬು ಕಡಿಯುವ ಕಾಲ. ಎದುರಿನಿಂದ ಬಂದ ಕಾರು ಲೈಟ್ ಇಳಿಸಲೇ ಇಲ್ಲ. ಅದು ದಾಟಿದ ಮೇಲೂ ನನಗೆ ಏನೂ ಕಾಣಲಿಲ್ಲ. ಕಣ್ಣು ತಿಳಿಯಾಗುವಷ್ಟರಲ್ಲಿ ಎದುರಿಗೇ ಕಬ್ಬು ತುಂಬಿದ ಟ್ರ್ಯಾಕ್ಟರ್, ಹಿಂದೆ ಒಂದು ಕೆಂಪು ದೀಪವೂ ಇಲ್ಲ. ಬ್ರೇಕ್ ಒತ್ತಿ ನಿಲ್ಲಿಸಿದಾಗ ಜೋತುಬಿದ್ದ ಸೋಗೆ ಬಾನೆಟ್ಟಿಗೆ ತಾಗುತ್ತಿತ್ತು. ಈ ಪದದ ನಿಜವಾದ ಅರ್ಥ ನನಗೆ ಮನಸ್ಸಿಗೆ ಹತ್ತಿದ್ದು ಆವತ್ತು.

ಡಿಪ್ ಅಂದರೆ ಕೆಳಕ್ಕೆ ಬಗ್ಗಿಸುವುದು, ಅಷ್ಟೇ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಹಲವು ಬ್ರಿಟಿಷ್ ಕಾರುಗಳಲ್ಲಿ ಸ್ವಿಚ್ ಒತ್ತಿದರೆ ದೀಪದೊಳಗಿನ ಹೊಳೆಯುವ ತಟ್ಟೆಯೇ ಕೆಳಕ್ಕೆ ವಾಲುತ್ತಿತ್ತು. ನಮ್ಮ ಹಳೆಯ ಅಂಬಾಸಿಡರ್‌ನಲ್ಲಿ ಈ ಸ್ವಿಚ್ ಕಾಲಡಿಯಲ್ಲಿ, ಕ್ಲಚ್ಚಿನ ಎಡಕ್ಕೆ ಇರುತ್ತಿತ್ತು. ಅಮೆರಿಕದವರು ಇದೇ ಕೆಲಸಕ್ಕೆ ‘ಡಿಮ್’ ಅನ್ನುತ್ತಾರೆ. ನಮ್ಮವರು ಎರಡನ್ನೂ ಕೂಡಿಸಿ ‘ಡಿಮ್ ಡಿಪ್’ ಮಾಡಿಕೊಂಡಿದ್ದೇವೆ. ನನ್ನ ಪ್ರಕಾರ ಡಿಪ್ ಅನ್ನುವುದೇ ಸರಿಯಾದ ಮಾತು. ಯಾಕೆಂದರೆ ಬೆಳಕು ಅಷ್ಟೇನೂ ಮಂಕಾಗುವುದಿಲ್ಲ. ಸಾಮಾನ್ಯವಾಗಿ ಸಿಗುವ ‘ಎಚ್4’ ಅನ್ನುವ ಹೆಡ್‌ಲೈಟ್ ಬಲ್ಬಿನಲ್ಲಿ ಹೈ ಬೀಮ್, ಅಂದರೆ ದೂರಕ್ಕೆ ಬೀಳುವ ಬೆಳಕು, 60 ವ್ಯಾಟ್, ಡಿಪ್ 55 ವ್ಯಾಟ್. ಬದಲಾಗುವುದು ಬೆಳಕು ಬೀಳುವ ಜಾಗ.

ಇನ್ನು ಕೆಲಸಕ್ಕೆ ಬರೋಣ. ಮೊದಲು, ಗಾಡಿ ನಿಂತಿರುವಾಗಲೇ ಸ್ವಿಚ್ ಕೈಗೆ ರೂಢಿಯಾಗಬೇಕು. ಕಾರಿನಲ್ಲಿ ಸ್ಟೀರಿಂಗ್ ಪಕ್ಕದ ಕಡ್ಡಿಯನ್ನು ಮುಂದಕ್ಕೆ ತಳ್ಳಿದರೆ ಸಾಮಾನ್ಯವಾಗಿ ಹೈ ಬೀಮ್. ನಿಮ್ಮ ಕಡೆಗೆ ಎಳೆದು ಬಿಟ್ಟರೆ ಫ್ಲಾಶ್. ಬೈಕಿನಲ್ಲಿ ಎಡಗೈ ಹೆಬ್ಬೆರಳಿನ ಹತ್ತಿರ ಸ್ವಿಚ್ ಇರುತ್ತದೆ. ಮೀಟರ್‌ನಲ್ಲಿ ನೀಲಿ ದೀಪ ಉರಿಯುತ್ತಿದ್ದರೆ ಹೈ ಬೀಮ್ ಆನ್ ಇದೆ ಅಂತ ಅರ್ಥ. ಆ ನೀಲಿ ದೀಪದ ಮೇಲೆ ಆಗಾಗ ಕಣ್ಣಿರಲಿ. ಊರೊಳಗೆ, ಬೀದಿದೀಪ ಇರುವ ಕಡೆ ಅದು ಉರಿಯಬಾರದು.

ಎದುರಿನ ಗಾಡಿಯ ಬೆಳಕು ಕಂಡ ಕೂಡಲೇ ಡಿಪ್ ಮಾಡಿ. ಅವರು ಮಾಡಲಿ, ಆಮೇಲೆ ನೋಡೋಣ ಅಂತ ಕಾಯಬೇಡಿ. ತಿರುವಿನಲ್ಲಿ ಗಾಡಿ ಕಾಣುವ ಮೊದಲೇ ಮರದ ಮೇಲೆ ಅದರ ಬೆಳಕು ಬೀಳುತ್ತದಲ್ಲ, ಆಗಲೇ ಇಳಿಸಿ. ಅದು ನಿಮ್ಮ ಪಕ್ಕ ದಾಟಿದ ಮೇಲೆ ಮತ್ತೆ ಹೈ ಬೀಮ್ ಹಾಕಬಹುದು. ಇನ್ನೊಬ್ಬರ ಹಿಂದೆ ಹೋಗುವಾಗಲೂ ಡಿಪ್‌ನಲ್ಲೇ ಇರಿ, ನಿಮ್ಮ ಬೆಳಕು ಅವರ ಕನ್ನಡಿಗೆ ಹೊಡೆಯುತ್ತದೆ. ಶಿರಾಡಿ, ಚಾರ್ಮಾಡಿ ಘಾಟಿಗಳ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದ ಹಾಗಾಗುತ್ತದೆ. ಅಲ್ಲೂ ಡಿಪ್ಪೇ ಬೇಕು.

ಡಿಪ್ ಮಾಡಿದ ಮೇಲೆ ದೂರ ಕಾಣುವುದಿಲ್ಲ. ಹಾಗಾಗಿ ವೇಗವನ್ನೂ ಇಳಿಸಲೇಬೇಕು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಆ ವೇಗದಲ್ಲಿ ಪೂರ್ತಿ ನಿಲ್ಲಲು ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕ ‘ಹೈವೇ ಕೋಡ್’ ಹೇಳುವ ದೂರ 53 ಮೀಟರ್. ಕಣ್ಣು ಕೋರೈಸಿ ಎರಡು ಸೆಕೆಂಡು ಏನೂ ಕಾಣದಿದ್ದರೆ 44 ಮೀಟರ್ ಕುರುಡಾಗಿಯೇ ಹೋಗಿರುತ್ತೀರಿ.

ಎದುರಿನವರು ಇಳಿಸದಿದ್ದರೆ? ಒಂದು ಸಲ ಫ್ಲಾಶ್ ಕೊಟ್ಟು ನೆನಪಿಸಿ. ಆಗಲೂ ಇಳಿಸದಿದ್ದರೆ ಹಟಕ್ಕೆ ಬಿದ್ದು ನೀವೂ ಹೈ ಬೀಮ್ ಹಾಕಬೇಡಿ. ಆಗ ಇಬ್ಬರಿಗೂ ರಸ್ತೆ ಕಾಣುವುದಿಲ್ಲ. ಆ ಬೆಳಕನ್ನು ನೋಡದೆ ರಸ್ತೆಯ ಎಡ ಅಂಚಿನ ಬಿಳಿ ಗೆರೆ ನೋಡಿಕೊಂಡು ನಿಧಾನವಾಗಿ ಹೋಗಿ.

ಈ ಫ್ಲಾಶ್ ವಿಷಯದಲ್ಲಿ ಇನ್ನೊಂದು ಮಾತು. ನಮ್ಮಲ್ಲಿ ಲೈಟ್ ಮಿನುಗಿಸಿದರೆ ‘ನಾನು ಬರ್ತಿದ್ದೀನಿ, ನೀನು ನಿಲ್ಲು’ ಅಂತ. ಬ್ರಿಟನ್ನಿನಲ್ಲಿ ಎಷ್ಟೋ ಜನ ಅದನ್ನೇ ‘ನೀವು ಮೊದಲು ಹೋಗಿ’ ಅನ್ನುವುದಕ್ಕೆ ಬಳಸುತ್ತಾರೆ, ಪೂರ್ತಿ ಉಲ್ಟಾ. ಅಲ್ಲಿನ ಹೈವೇ ಕೋಡ್ ಮಾತ್ರ, ನೀವಿದ್ದೀರಿ ಅಂತ ತಿಳಿಸಲು ಬಿಟ್ಟರೆ ಬೇರೆ ಯಾವುದಕ್ಕೂ ಫ್ಲಾಶ್ ಕೊಡಬೇಡಿ ಅನ್ನುತ್ತದೆ. ಕೆಲಸಕ್ಕೆ, ಓದಿಗೆ ಅಂತ ಅಲ್ಲಿಗೆ ಹೋಗಿ ಗಾಡಿ ಓಡಿಸುವ ನಮ್ಮ ಮಕ್ಕಳಿಗೆ ಇದನ್ನು ಮೊದಲೇ ಹೇಳಿ ಕಳಿಸಿ.

ಕೊನೆಗೆ, ಜಾಸ್ತಿ ಜನ ಮುಟ್ಟದೇ ಇರುವ ಒಂದು ಗುಂಡಿ. ಎಷ್ಟೋ ಕಾರುಗಳಲ್ಲಿ ಸ್ಟೀರಿಂಗಿನ ಬಲಕ್ಕೆ, ಮೊಣಕಾಲಿನ ಹತ್ತಿರ 0, 1, 2, 3 ಅಂತ ಬರೆದ ಚಿಕ್ಕ ಚಕ್ರ ಇರುತ್ತದೆ. ಹಿಂದೆ ಜನ, ಡಿಕ್ಕಿಯಲ್ಲಿ ಸಾಮಾನು ತುಂಬಿದಾಗ ಕಾರಿನ ಮೂತಿ ಮೇಲೇಳುತ್ತದೆ. ಆಗ ಡಿಪ್ ಮಾಡಿದರೂ ಬೆಳಕು ಎದುರಿನವರ ಕಣ್ಣಿಗೇ ಹೋಗುತ್ತದೆ. ಒಬ್ಬರೇ ಇದ್ದರೆ 0 ಸಾಕು. ಭಾರ ಹೆಚ್ಚಿದ ಹಾಗೆ ಸಂಖ್ಯೆ ಹೆಚ್ಚಿಸಿ, ಬೆಳಕು ಕೆಳಗಿಳಿಯುತ್ತದೆ. ಹಬ್ಬಕ್ಕೆ ಊರಿಗೆ ಹೊರಡುವ ಸಂಜೆ ಗೇಟಿನ ಎದುರಿನ ಗೋಡೆಗೆ ಲೈಟ್ ಬಿಟ್ಟು ಆ ಚಕ್ರ ತಿರುಗಿಸಿ ನೋಡಿ. ಬೆಳಕಿನ ಗೆರೆ ಜಾರುವುದು ಗೋಡೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ.