ಕಟ್ಟಿಗೆ ಮೇಲಿನ ಪುಟ್ಟ ಬಟ್ಟಲು ಅಣಬೆ: ಮೈಕ್ರೋಸ್ಕೋಪಲ್ಲಿ ಏನ್ ನೋಡ್ಬೇಕು

ಮಳೆಗಾಲದಲ್ಲಿ ಕೊಳೆತ ಕೊಂಬೆ ತಿರುಗಿಸಿ ನೋಡಿದ್ರೆ ಒಂದೆರಡು ಮಿಲಿಮೀಟರ್ ಅಗಲದ ಬಟ್ಟಲುಗಳು ಸಿಗ್ತಾವೆ. ಬರೀ ಫೋಟೋ ನೋಡಿ ಹೆಸರು ಹೇಳೋಕೆ ಹೋಗ್ಬೇಡಿ, ಬೆಳ್ಳಗಿರೋ ಬಟ್ಟಲುಗಳಲ್ಲೇ ಎಷ್ಟೊಂದು ಜಾತಿ ಇದಾವೆ. ಕಟ್ಟಿಗೆ ಯಾವ ಮರದ್ದು ಅಂತ ಮೊದ್ಲು ಬರ್ಕೊಳ್ಳಿ.

ಅಣಬೆ ಜೀವಂತ ಇದ್ದಾಗ್ಲೇ ನೋಡ್ಬೇಕು, ಇದು ತುಂಬಾ ಮುಖ್ಯ. ಬ್ಲೇಡಲ್ಲಿ ಅಂಚೂ ಸೇರೋ ಹಾಗೆ ತೆಳ್ಳಗೆ ಕೊಯ್ದು, ಬರೀ ನೀರಿನ ಹನಿಯಲ್ಲಿಟ್ಟು, ಕವರ್‌ಸ್ಲಿಪ್ ಹಾಕಿ ಮೆತ್ತಗೆ ಒತ್ತಿ. ಆರ್ಬಿಲಿಯಾ ಅನ್ನೋ ಕುಲದ ಅಣಬೆ ಆದ್ರೆ ಬೀಜಕದೊಳಗೆ (ಸ್ಪೋರ್) ಹೊಳೆಯೋ ಒಂದು ಚಿಕ್ಕ ಕಾಯ ಕಾಣತ್ತೆ, ಕೆಓಹೆಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ) ಹಾಕಿದ್ರೆ ಅದು ಮಾಯ, ಅದಕ್ಕೇ ನೀರಲ್ಲೇ ಮೊದ್ಲು ನೋಡಿ ಅನ್ನೋದು.

ಆಮೇಲೆ ಹೊರಗಿನ ಕೂದಲು. ಲ್ಯಾಕ್ನಮ್ ಅನ್ನೋ ಕುಲದ ಅಣಬೆಯ ಕೂದಲ ಮೇಲೆಲ್ಲಾ ರವೆ ಉದುರಿಸಿದ ಹಾಗೆ ಸಣ್ಣ ಸಣ್ಣ ಕಾಳು ಅಂಟಿರ್ತಾವೆ, ಬೀಜಕ ತುಂಬಿದ ಚೀಲಗಳಾದ ಆಸ್ಕಸ್‌ಗಳ ಮಧ್ಯೆ ಇರೋ ಪ್ಯಾರಾಫೈಸಿಸ್ ಅನ್ನೋ ಬೀಜಕ ಇಲ್ಲದ ಎಳೆಗಳ ತುದಿ ಚೂಪಾಗಿ, ಸಾಮಾನ್ಯವಾಗಿ ಆಸ್ಕಸ್‌ಗಿಂತ ಎತ್ತರಕ್ಕೆ ಚಾಚಿರತ್ತೆ. ಕೂದಲೇ ಇಲ್ಲ, ಬಟ್ಟಲು ಬೂದು ಬಣ್ಣ, ಹೊರಪದರದಲ್ಲಿ ದುಂಡನೆ ಕಂದು ಜೀವಕೋಶ ಅಂದ್ರೆ ಮೊಲ್ಲಿಸಿಯಾ ಅನ್ನೋ ಕುಲ ಇರ್ಬಹುದು, ಆಗ ಬೇರೆ ಚೂರಿಗೆ ಕೆಓಹೆಚ್ ಹಾಕಿ ನೋಡಿ, ಕೆಲವು ಜಾತಿಗಳಲ್ಲಿ ಹಳದಿ ಬಣ್ಣ ಬರತ್ತೆ.

ಇನ್ನು ಅಯೋಡಿನ್ ಪರೀಕ್ಷೆ, ಇದೂ ಗುರುತು ಹಿಡಿಯೋಕೇ. ಲ್ಯೂಗಾಲ್ ಅನ್ನೋ ಅಯೋಡಿನ್ ದ್ರಾವಣದ ಒಂದು ಹನಿ ಕವರ್‌ಸ್ಲಿಪ್ ಅಂಚಿಗೆ ಬಿಟ್ಟು, ಎದುರು ಕಡೆಯಿಂದ ಟಿಶ್ಯೂ ಪೇಪರಲ್ಲಿ ನೀರು ಎಳೀರಿ. ಆಸ್ಕಸ್ ತುದಿ ನೀಲಿ ಆಯ್ತಾ ಇಲ್ವಾ ಅನ್ನೋದು 100ಎಕ್ಸ್ ಆಯಿಲ್ ಲೆನ್ಸಲ್ಲೇ ಸರಿಯಾಗಿ ಗೊತ್ತಾಗೋದು. ಬೀಜಕ ಅಳೆಯುವಾಗ ತಾನಾಗೇ ಸಿಡಿದು ಹೊರಬಂದಿದ್ದನ್ನೇ ಅಳೀರಿ, ಆಸ್ಕಸ್ ಒಳಗಿರೋದು ಇನ್ನೂ ಬಲಿಯದೇ ಇರ್ಬಹುದು.