ಟ್ಯಾಂಕರ್‌ಗೆ ಫೋನ್ ಮಾಡೋದು ಯಾರು?

ಕಳೆದ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಒಂದೇ ಬೆಳಿಗ್ಗೆ ಎರಡು ಟ್ಯಾಂಕರ್ ಬಂದವು. ಸಂಪು ಖಾಲಿ ಇದ್ದದ್ದನ್ನು ನೋಡಿ ನಮ್ಮಲ್ಲಿ ಇಬ್ಬರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಫೋನ್ ಮಾಡಿದ್ದರು. ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ರೇಸ್ ಕಂಡೀಷನ್ ಅಂತಾರೆ. ಅಲ್ಲಿ ಮದ್ದು ಲಾಕ್: ಒಂದು ಸಲಕ್ಕೆ ಒಬ್ಬರ ಕೈಯಲ್ಲೇ ಕೆಲಸ. ನಾವೂ ಹಾಗೇ ಮಾಡಿದೆವು. ಫೋನ್ ಮಾಡುವ ಮುಂಚೆ ಗ್ರೂಪಿನಲ್ಲಿ ‘ನಾನು ಮಾಡ್ತೀನಿ’ ಅಂತ ಹಾಕಬೇಕು. ಮೊದಲು ಹಾಕಿದವರದ್ದೇ ಜವಾಬ್ದಾರಿ.

ಆದರೆ ಲಾಕ್‌ಗೆ ಅವಧಿ ಇರಲೇಬೇಕು. ಹೇಳಿದವರು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಉಳಿದವರು ಸುಮ್ನೆ ಕಾಯುತ್ತಾ ಕೂರುತ್ತಾರೆ, ಅಲ್ವಾ? ಅರ್ಧ ಗಂಟೆಯಲ್ಲಿ ‘ಬುಕ್ ಆಯ್ತು’ ಅಂತ ಬರದಿದ್ದರೆ ಬೇರೆಯವರು ವಹಿಸಿಕೊಳ್ಳಲಿ.

ಈ ಫೋನ್ ಮಾಡುವ ಕೆಲಸಕ್ಕೆ ಜಾಸ್ತಿ ಜನರನ್ನು ಸೇರಿಸಬೇಡಿ. 5 ಜನರಿದ್ದರೆ ಮಾತಾಡಿಕೊಳ್ಳುವ ಜೋಡಿಗಳು 10, 10 ಜನರಾದರೆ 45. ಈ ಕೆಲಸಕ್ಕೆ ನಾವು ಮೂವರೇ ಇದ್ದೇವೆ.