ಬೆಂಗಳೂರಿನ ತಾರಸಿ ಧೂಳಿನಲ್ಲಿ ಸೂಕ್ಷ್ಮ ಉಲ್ಕಾಕಣ: ನನ್ನ ಅನುಭವ

ಸೂಕ್ಷ್ಮ ಉಲ್ಕಾಕಣ ಅಂದರೆ ಬಾಹ್ಯಾಕಾಶದಿಂದ ಉದುರುವ, ಸಣ್ಣ ಮರಳಿನಂಥ ಧೂಳು. ವೆಲ್ಡಿಂಗ್ ಕಿಡಿ, ಪಟಾಕಿಗಳ ಉದುರೂ ನೋಡಲು ಹಾಗೇ ಇರುವುದರಿಂದ, ಬೀದಿಗೊಂದು ಕಿಟಕಿ ಗ್ರಿಲ್ ಮಾಡುವ ಅಂಗಡಿ, ವರ್ಷಕ್ಕೊಂದು ದೀಪಾವಳಿ ಇರುವ ಊರಲ್ಲಿ ಅದನ್ನು ಹುಡುಕುವುದು ದಂಡ ಅಂದವರೇ ಹೆಚ್ಚು. ನಾರ್ವೆಯ ಹವ್ಯಾಸಿ ಸಂಶೋಧಕ ಯಾನ್ ಲಾರ್ಸೆನ್ ಅವರಿಗೂ ಹಾಗೇ ಹೇಳಿದ್ದರು. ಓಸ್ಲೋ, ಪ್ಯಾರಿಸ್ ಛಾವಣಿಗಳ ಸುಮಾರು 300 ಕೆ.ಜಿ. ಕೆಸರಿನಿಂದ 500 ಕಣ ಸಿಕ್ಕ ವರದಿ 2017ರಲ್ಲಿ ಅಚ್ಚಾದ ಮೇಲೆ ಆ ಮಾತು ನಿಂತಿತು. ನಮ್ಮ ತಾರಸಿಗಳಲ್ಲೂ ಸಿಗುತ್ತವೆ. ಇಡಿಎಸ್ ಪರೀಕ್ಷೆಯಲ್ಲಿ (ಕಣದಿಂದ ಹೊಮ್ಮುವ ಎಕ್ಸ್‌ರೇ ನೋಡಿ ಅದರಲ್ಲಿ ಯಾವ ಮೂಲವಸ್ತುಗಳಿವೆ ಎಂದು ಹೇಳುವುದು) ಪಾಸಾದ ಕಣಗಳು ನನ್ನ ಬಳಿ ಇವೆ; ಬೆಂಗಳೂರಿನ ಮಟ್ಟಿಗೆ ಇದು ಸಣ್ಣ ಸಾಧನೆಯಲ್ಲ.

ಮೊದಲು ತಾರಸಿಯ ಆಯ್ಕೆ. ಸೋಲಾರ್ ಹೀಟರ್ ಸ್ಟ್ಯಾಂಡನ್ನು ಮೇಲೆಯೇ ವೆಲ್ಡ್ ಮಾಡಿದ್ದರೆ ಆ ಮನೆ ಬಿಡಿ. ಹಳೆಯ, ಅಗಲವಾದ, ಯಾರೂ ಹತ್ತದ ತಾರಸಿ ಒಳ್ಳೆಯದು. ವರ್ಷಕ್ಕೆ ಚದರ ಮೀಟರಿಗೆ ಒಂದು ಅನ್ನುವ ಲೆಕ್ಕ 0.1 ಮಿ.ಮೀ. ಕಣದ್ದು; ನಾವು ಹುಡುಕುವ ಗಾತ್ರದವು ಇನ್ನೂ ವಿರಳ. ಹಾಗಾಗಿ ಗುಡಿಸಿದ ಧೂಳಿಗಿಂತ ಮಳೆನೀರು ಕೊಯ್ಲಿನಲ್ಲಿ ಮೊದಲ ಮಳೆಯ ಕೊಳೆ ನೀರನ್ನು ಬೇರೆ ಹಿಡಿಯುವ ಪೈಪಿನ ತಳದ ಹೂಳು ಎಷ್ಟೋ ಮೇಲು. ಇಡೀ ತಾರಸಿಯ ಭಾರದ ಕಣ ಅಲ್ಲೇ ಕೂತಿರುತ್ತದೆ.

ಹೂಳನ್ನು ಬಕೆಟ್ಟಿನಲ್ಲಿ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ನೆನೆಸಿ, ತಿರುಗಿಸಿ, ಕೆಸರು ನೀರು ಬಸಿಯಬೇಕು. ತಿಳಿನೀರು ಬರುವವರೆಗೆ ಬಿಡಬಾರದು. ಸಿಮೆಂಟ್ ಬಿಡಿಸಲು ಬಾತ್‌ರೂಮ್ ಆಸಿಡ್ ಹಾಕಲೇಬೇಡಿ, ಅದು ಉಲ್ಕಾಕಣದ ಮುಖ್ಯ ಖನಿಜವಾದ ಒಲಿವಿನನ್ನು ತಿಂದುಹಾಕುತ್ತದೆ. ಒಣಗಿಸಿ 40 ಮತ್ತು 70 ಮೆಶ್ (ಇಂಚಿಗೆ ಎಷ್ಟು ಕಣ್ಣು ಅನ್ನುವ ಲೆಕ್ಕ) ನಡುವೆ ಜರಡಿ ಹಿಡಿದರೆ ಸುಮಾರು 0.2ರಿಂದ 0.4 ಮಿ.ಮೀ. ಉಳಿಯುತ್ತದೆ. ಎಸ್‌.ಜೆ.ಪಿ. ರಸ್ತೆಯಲ್ಲಿ ಸಿಕ್ಕ ಸ್ಟೀಲ್ ಜಾಲರಿಯನ್ನು ನಾಲ್ಕಿಂಚಿನ ಪಿವಿಸಿ ತುಂಡಿಗೆ ಅಂಟಿಸಿದ್ದು. ಎರಡಕ್ಕೂ ಸೇರಿ ಐನೂರು ದಾಟಲಿಲ್ಲ.

ಎಲ್ಲರೂ ನೆಚ್ಚುವುದು ಅಯಸ್ಕಾಂತವನ್ನು. ಇಲ್ಲಿ ಅದೊಂದರಿಂದಲೇ ಆಗುವುದಿಲ್ಲ. ಎಂ-ಸ್ಯಾಂಡ್ (ಕಟ್ಟಡಕ್ಕೆ ಬಳಸುವ ಕೃತಕ ಮರಳು) ನಮ್ಮ ಕಡೆಯ ನೈಸ್ (gneiss) ಎಂಬ ಬಂಡೆಯದೇ ಪುಡಿ, ಅದರೊಳಗಿನ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಚೂರುಗಳೆಲ್ಲ ಮೇಲೆದ್ದು ಬರುತ್ತವೆ. ಗಾಜಿನಂಥ ಉಲ್ಕಾಕಣಗಳೋ ಸರಿಯಾಗಿ ಅಂಟುವುದೇ ಇಲ್ಲ. ಅಯಸ್ಕಾಂತ ಜಿಪ್ ಕವರಿನೊಳಗಿರಲಿ, ಆಮೇಲೆ ಓರೆ ಹಲಗೆಯ ಮೇಲೆ ಉರುಳಿಸಿ ಗುಂಡನೆಯವನ್ನು ಬೇರೆ ಮಾಡಿ. ಹಲಗೆಯ ಮೇಲೆ ಏನು ಹಾಸುತ್ತೇನೆ, ಎಷ್ಟು ಓರೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಕೆಲಸ ಕೈಹಿಡಿದದ್ದು ನಕಲಿಗಳ ಸ್ಲೈಡುಗಳಿಂದ. ಸುರ್‌ಸುರ್ ಬತ್ತಿ, ಹೂಕುಂಡ, ಆ್ಯಂಗಲ್ ಗ್ರೈಂಡರ್ ಕಿಡಿ, 6013 ವೆಲ್ಡಿಂಗ್ ರಾಡ್, ಪ್ರತಿಯೊಂದರ ಉದುರನ್ನೂ ಬಿಳಿ ಹಾಳೆ ಮೇಲೆ ಹಿಡಿದು ಬೇರೆ ಬೇರೆ ಸ್ಲೈಡ್ ಮಾಡಿದೆ. ಗ್ರೈಂಡರಿನದು ಕನ್ನಡಿಯಂತೆ ಹೊಳೆಯುತ್ತದೆ, ಎಷ್ಟೋ ಸಲ ಟೊಳ್ಳು, ಒಂದು ತೂತೂ ಇರುತ್ತದೆ. ಅಸಲಿ ಕಣ ಮಾಸಲು ಕಪ್ಪು, ಪೂರ್ತಿ ಗುಂಡಗಲ್ಲ. ಪಕ್ಕದಿಂದ ಬೆಳಕು ಬಿಟ್ಟರೆ ಮೈಮೇಲೆ ಒತ್ತೊತ್ತಾಗಿ ಸಮಾನಾಂತರ ಒಲಿವಿನ್ ಗೀರುಗಳು. ಕೆಲವಕ್ಕೆ ಒಂದು ತುದಿಯಲ್ಲಿ ನಿಕ್ಕಲ್-ಕಬ್ಬಿಣದ ಮಣಿ. ಬರೀ ಕಬ್ಬಿಣದ ಗುಂಡುಗಳಲ್ಲೂ ಅಸಲಿ ಇರುತ್ತವೆ, ಆದರೆ ಈ ಊರಲ್ಲಿ ಅವನ್ನು ಪೂರ್ತಿ ಕೈಬಿಡುವುದೇ ಲಾಭ.

ಯುಎಸ್‌ಬಿ ಮೈಕ್ರೋಸ್ಕೋಪಿಗೆ ಹಾಕಿದ ಮೂರು-ನಾಲ್ಕು ಸಾವಿರದಿಂದ ಉಪಯೋಗವಾಗಲಿಲ್ಲ, ಗೀರು ಕಾಣುವಷ್ಟು ಆಳ ಅದಕ್ಕಿಲ್ಲ. ಸೆಕೆಂಡ್‌ಹ್ಯಾಂಡ್ ಸ್ಟೀರಿಯೊ ಮೈಕ್ರೋಸ್ಕೋಪು ಹದಿನೈದು-ಹದಿನೆಂಟು ಸಾವಿರ ಇರಬೇಕು, ಅದೇ ಸರಿ. ಕಣ ಎತ್ತಲು ಒದ್ದೆ ಮಾಡಿದ ಟೂತ್‌ಪಿಕ್ ಸಾಕು. ಫೆಬ್ರವರಿ-ಮಾರ್ಚಿನ ಒಣಹವೆಯಲ್ಲಿ ಪ್ಲಾಸ್ಟಿಕ್ ಡಬ್ಬಿ ಮುಟ್ಟಬೇಡಿ, ಸ್ಥಾಯೀವಿದ್ಯುತ್ತಿಗೆ ಕಣ ಹಾರಿಹೋಗುತ್ತದೆ.

ದೊಡ್ಡ ಖರ್ಚು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಮಾಡಿಸುವ ಆ ಪರೀಕ್ಷೆ, ಅಂದರೆ ಎಸ್‌ಇಎಂ-ಇಡಿಎಸ್. ಗಂಟೆಗೆ ಎರಡೂವರೆ ಸಾವಿರದ ಆಸುಪಾಸು. ಒಂದೇ ಸ್ಟಬ್ಬಿನ (ಮಾದರಿ ಇಡುವ ಪುಟ್ಟ ಲೋಹದ ಪೀಠ) ಕಾರ್ಬನ್ ಟೇಪ್ ಮೇಲೆ ಇಪ್ಪತ್ತು-ಮೂವತ್ತು ಕಣ ಸಾಲಾಗಿಟ್ಟು, ನಕ್ಷೆ ಬರೆದುಕೊಂಡು ಹೋದರೆ ದುಡ್ಡು ಉಳಿಯುತ್ತದೆ. ಪರೀಕ್ಷೆಗೆ ಮುಂಚೆ ಕಣಗಳಿಗೆ ಕೊಡುವ ಲೇಪ ಚಿನ್ನದ್ದು ಬೇಡ ಅನ್ನಿ: ಎಕ್ಸ್‌ರೇ ಗ್ರಾಫಿನಲ್ಲಿ ಅದರ ಗೆರೆ ರಂಜಕ, ಗಂಧಕಗಳ ನಡುವೆ ಬಂದು ಕೂರುತ್ತದೆ. ಕಾರ್ಬನ್ ಲೇಪವೇ ಆಗಬೇಕು. ಮೆಗ್ನೀಸಿಯಮ್, ಸಿಲಿಕಾನ್ ಪರಮಾಣು ಲೆಕ್ಕದಲ್ಲಿ ಹತ್ತಿರಹತ್ತಿರ ಸಮ, ಜೊತೆಗೆ ಕಬ್ಬಿಣ, ಅಲ್ಪಸ್ವಲ್ಪ ಅಲ್ಯುಮಿನಿಯಂ ಮತ್ತು ಕ್ಯಾಲ್ಸಿಯಂ ಇದ್ದರೆ ಖುಷಿಪಡಿ. 4.5 ಕೆಇವಿ (ಎಕ್ಸ್‌ರೇ ಶಕ್ತಿಯ ಅಳತೆ) ಹತ್ತಿರ ಗೆರೆ ಎದ್ದರೆ ಅದು ಪಟಾಕಿಯ ಬೇರಿಯಮ್ಮೋ ವೆಲ್ಡಿಂಗ್ ರಾಡಿನ ಟೈಟೇನಿಯಮ್ಮೋ ಅಂತ ಬಿಡಿಸಲು ಹೋಗಬೇಡಿ. ಎರಡಾದರೂ ಕಸವೇ.

ಇಷ್ಟು ಸಲೀಸಾಗಿ ಸಿಗುವಾಗ ಬೆನ್ನು ಎಂಬ ಕ್ಷುದ್ರಗ್ರಹದಿಂದ 121.6 ಗ್ರಾಂ ಮಾದರಿ ತರಲು ನಾಸಾ ಯಾಕೆ ಅಷ್ಟು ದೂರ ಹೋಗಬೇಕಿತ್ತು ಎಂದು ಕೇಳುವವರಿದ್ದಾರೆ. ನಮ್ಮ ಕಣ ವಾತಾವರಣದಲ್ಲಿ ಕರಗಿ ಬಂದದ್ದು. ಅದರ ನೀರು, ಸಾವಯವ ವಸ್ತು ಎಲ್ಲ ಸುಟ್ಟುಹೋಗಿದೆ. ಬೆನ್ನುವಿನದು 2023ರ ಸೆಪ್ಟೆಂಬರ್ 24ರಂದು ಮುಚ್ಚಿದ ಕ್ಯಾಪ್ಸೂಲಿನಲ್ಲಿ ಯೂಟಾಕ್ಕೆ ಇಳಿಯಿತು, ನೈಟ್ರೋಜನ್ ಪೆಟ್ಟಿಗೆಯೊಳಗೆ ತೆರೆಯಿತು. 35 ಬಿಗಿತಿರುಪುಗಳಲ್ಲಿ ಎರಡು ಜಗ್ಗದಿದ್ದಾಗಲೂ ಮಾದರಿ ಕೆಡದಂತೆ ಹೊಸ ಉಪಕರಣ ಮಾಡಿಕೊಂಡು 2024ರ ಜನವರಿಯಲ್ಲಿ ಬಿಚ್ಚಿದರು. ಆ ಶುದ್ಧತೆಯಿಂದಲೇ ನಮ್ಮ ಪ್ರೋಟೀನುಗಳ 20 ಅಮೈನೋ ಆಮ್ಲಗಳಲ್ಲಿ 14 ಅದರಲ್ಲಿವೆ ಎಂದು ಧೈರ್ಯವಾಗಿ ಹೇಳಲಾಯಿತು. ತಾರಸಿ ಕಣದಿಂದ ಅಂಥ ಮಾತು ಹೇಳಲಾಗದು; ಅದು ಖನಿಜದ ಕಥೆಯನ್ನಷ್ಟೇ ಹೇಳುತ್ತದೆ.

ಈಗ ಒಂದು ಕಲ್ಯಾಣಮಂಟಪದ ತಾರಸಿಗೆ ಅನುಮತಿ ಸಿಕ್ಕಿದೆ, ಹತ್ತು ಸಾವಿರ ಚದರಡಿ ಇರಬಹುದು. ಮುಂಗಾರಿಗೆ ಮುಂಚೆ ಅದರ ನಾಲ್ಕೂ ಪೈಪುಗಳ ಬಾಯಿಗೆ ನೈಲಾನ್ ಚೀಲ ಕಟ್ಟುತ್ತೇನೆ. ದೀಪಾವಳಿಗೆ ಮೊದಲೇ ಬಿಚ್ಚಬೇಕು.